ಸುರುಳಿ ಸುತ್ತದ ಎಂಚಿಲಾಡಾ

ನಮ್ಮ ಬೀದಿಯಲ್ಲಿ ಯಾರಾದರೂ ತೀರಿಕೊಂಡರೆ ಆ ಮನೆಗೆ ಟ್ರೇಗಳು ಬರತೊಡಗುತ್ತವೆ. ಒಂಬತ್ತು ಇಂಚು ಅಗಲ, ಹದಿಮೂರು ಇಂಚು ಉದ್ದದ ಗಾಜಿನ ಟ್ರೇ, ಮೇಲೆ ಅಲ್ಯುಮಿನಿಯಂ ಹಾಳೆ, ಹಾಳೆಯ ಮೇಲೆ ತಂದವರ ಹೆಸರು ಬರೆದ ಚೀಟಿ. ಟೆಕ್ಸಾಸಿನ ಸ್ಯಾನ್ ಆಂಟೋನಿಯೊಗೆ ಬಂದ ಹೊಸದರಲ್ಲಿ ಇದನ್ನು ನೋಡಿ ನನಗೆ ಅಷ್ಟೇನೂ ಆಶ್ಚರ್ಯವಾಗಲಿಲ್ಲ. ಹಾವೇರಿ ಕಡೆಯ ನಮ್ಮೂರಲ್ಲೂ ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ನೆರೆಯವರು, ಬೀಗರು ಬುತ್ತಿ ಕಟ್ಟಿಕೊಂಡು ಬರುತ್ತಾರೆ. ಇಲ್ಲಿ ಬುತ್ತಿಯ ಹೆಸರು ಕ್ಯಾಸರೋಲ್, ಅಷ್ಟೇ. ನಮ್ಮಲ್ಲಿ ಆ ಹೆಸರಿನಿಂದ ಕರೆಯುವ, ರೊಟ್ಟಿ ಬಿಸಿಯಾಗಿಡುವ ಡಬ್ಬಿ ಬೇರೆ. ಇಲ್ಲಿಯದು ಒಂದೇ ಪಾತ್ರೆಯಲ್ಲಿ ಪದರ ಪದರವಾಗಿ ಹಾಕಿ, ಒಲೆಯ ಮೇಲಲ್ಲದೆ ಓವನ್ನಿನೊಳಗೆ ಬೇಯಿಸಿ, ಚೌಕಾಕಾರವಾಗಿ ಕತ್ತರಿಸಿ ಬಡಿಸುವ ಅಡುಗೆ. ದುಃಖದಲ್ಲಿರುವವರು ಬೇಕೆನಿಸಿದಾಗ ಬಿಸಿ ಮಾಡಿಕೊಂಡು ಒಂದು ತುಂಡು ತಿನ್ನಬಹುದು.

ಕಳೆದ ಚಳಿಗಾಲದಲ್ಲಿ ಎದುರು ಮನೆಯ ಹಿರಿಯರು ತೀರಿಕೊಂಡರು. ಅವರ ಹೆಂಡತಿಗೆ ಎಪ್ಪತ್ತು ದಾಟಿದೆ, ಮೆಕ್ಸಿಕೋದ ಉತ್ತರದಲ್ಲಿರುವ ಚಿವಾವಾ ರಾಜ್ಯದವರು. ನಾನೂ ಏನಾದರೂ ತೆಗೆದುಕೊಂಡು ಹೋಗಬೇಕಿತ್ತು. ಈ ಊರಿಗೆ ಬಂದ ಮೇಲೆ ಕೈ ಪಳಗಿದ ಅಡುಗೆ ನನಗಿರುವುದು ಒಂದೇ, ಎಂಚಿಲಾಡಾ ಕ್ಯಾಸರೋಲ್. ಮಾಡಲು ಶುರುಮಾಡಿ ಮೆಣಸಿನಕಾಯಿ ನೆನೆಹಾಕಿದ ಮೇಲೆ ಕೈ ನಿಂತಿತು. ಮೆಕ್ಸಿಕೋದಲ್ಲಿ ಹುಟ್ಟಿ ಬೆಳೆದ, ಈಗಷ್ಟೇ ಗಂಡನನ್ನು ಕಳೆದುಕೊಂಡ ಹೆಂಗಸಿಗೆ, ಅವರದೇ ಅಡುಗೆಯ ಅರ್ಧ ಕೆಲಸ ಬಿಟ್ಟ ರೂಪವನ್ನು, ಅವರದೇ ಹೆಸರು ಹೇಳಿ ಕೊಡಲು ಹೊರಟಿದ್ದೆ. ಇದು ಸರಿಯೇ?

ಸುಮ್ಮನೆ ಕಾಡಿದ ಸಂಕೋಚವಲ್ಲ ಇದು. ಕೆಲವು ತಿಂಗಳ ಹಿಂದೆ ಆಫೀಸಿನ ಊಟದ ಕೂಟಕ್ಕೆ ಒಬ್ಬ ಸಹೋದ್ಯೋಗಿ ‘ದೋಸೆ ಬೇಕ್’ ಎಂದು ಒಂದು ಟ್ರೇ ತಂದಿದ್ದಳು. ಪ್ಯಾಕೆಟ್ ಹಿಟ್ಟಿನ ದಪ್ಪ ದೋಸೆಗಳು, ನಡುವೆ ಆಲೂಗಡ್ಡೆ ಪಲ್ಯ, ಮೇಲೆ ಚೀಸ್ ಕರಗಿ ಕಂದುಬಣ್ಣಕ್ಕೆ ತಿರುಗಿತ್ತು. ನಿನಗಾಗಿಯೇ ಮಾಡಿದ್ದು ಅಂದಳು. ನಾನು ನಕ್ಕು ತಿಂದೆ. ಮನೆಗೆ ಬಂದು ಗಂಡನ ಮುಂದೆ ಅರ್ಧ ಗಂಟೆ ಸಿಟ್ಟು ಕಾರಿದೆ. ಹಿಟ್ಟು ಹುಳಿ ಬಂದಿಲ್ಲ, ಕಾವಲಿಯ ಗರಿ ಇಲ್ಲ, ಇದನ್ನು ದೋಸೆ ಅಂತ ಕರೆಯುವ ಧೈರ್ಯ ಹೇಗೆ ಬಂತು ಅವಳಿಗೆ! ಈಗ ನನ್ನ ಕೈಯಲ್ಲಿ ಅದೇ ಟ್ರೇ. ಟ್ರೇಯೊಳಗಿನ ತಿನಿಸು ಮಾತ್ರ ಇನ್ನೊಬ್ಬರದು.

ಮೊದಲು ಹೆಸರಿನ ಮಾತು. ಸ್ಪ್ಯಾನಿಷ್‌ನ ‘ಎಂಚಿಲಾರ್’ ಎಂಬ ಕ್ರಿಯಾಪದದಿಂದ ಬಂದದ್ದು ಎಂಚಿಲಾಡಾ. ಅರ್ಥ, ಮೆಣಸಿನಕಾಯಿ ಹಚ್ಚಿದ್ದು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ‘ಖಾರ ಹಚ್ಚಿದ್ದು’. ನಡುವೆ ಇರುವ ‘ಚಿಲ್ಲಿ’ ಎಂಬ ಪದ ಅಜ್ಟೆಕರ ನಾವಾಟಲ್ ಭಾಷೆಯದು; ಹಿಂದೆ ಮುಂದೆ ಇರುವ ಪ್ರತ್ಯಯಗಳು ಅವರನ್ನು ಗೆದ್ದ ಸ್ಪೇನಿನವರದು. ಸೋತವರ ಪದವನ್ನು ಗೆದ್ದವರ ವ್ಯಾಕರಣ ಎರಡೂ ಬದಿಯಿಂದ ಒತ್ತಿ ಹಿಡಿದಿದೆ. ಆ ಹೆಸರಿನಲ್ಲಿ ಸುರುಳಿಯ ಸುದ್ದಿಯೇ ಇಲ್ಲ ಎನ್ನುವುದನ್ನು ಗಮನಿಸಬೇಕು. ಜೋಳದ ರೊಟ್ಟಿಯನ್ನು, ಅಂದರೆ ಟೋರ್ಟಿಯಾವನ್ನು, ಮೆಣಸಿನ ರಸದಲ್ಲಿ ಅದ್ದಬೇಕು. ಹೆಸರು ಕೇಳುವುದು ಇಷ್ಟೇ.

ಈ ಲೆಕ್ಕದಲ್ಲಿ ಟೆಕ್ಸಾಸಿನ ಅತ್ಯಂತ ಪ್ರಸಿದ್ಧ ಕ್ಯಾಸರೋಲ್ ಪರೀಕ್ಷೆಯಲ್ಲಿ ಸೋಲುತ್ತದೆ. ಅದರ ಹೆಸರು ಕಿಂಗ್ ರ‍್ಯಾಂಚ್ ಕ್ಯಾಸರೋಲ್. ಟೋರ್ಟಿಯಾ, ಕೋಳಿಮಾಂಸ, ಚೀಸ್, ಡಬ್ಬಿಯ ಟೊಮ್ಯಾಟೊ, ಜೊತೆಗೆ ಅಣಬೆಯದೋ ಕೋಳಿಯದೋ ಡಬ್ಬಿ ಸೂಪು. ಹೆಸರು 1853ರಲ್ಲಿ ಶುರುವಾದ ದೊಡ್ಡ ಜಾನುವಾರು ಫಾರ್ಮಿನದು. ಅಡುಗೆ ಅಲ್ಲಿ ಹುಟ್ಟಿದ್ದಲ್ಲ. ಖಾರ ಅದ್ದಿದ್ದೂ ಇಲ್ಲ. ನಾನು ತಿಂದ ಕೆಲವು ಟ್ರೇಗಳಲ್ಲಿ ಅಣಬೆ ಸೂಪಿನ ಬಿಳಿ ಗಂಜಿಯ ಹೊರತು ಬೇರೆ ರುಚಿ ಸಿಕ್ಕಿಲ್ಲ. ಆದರೂ ಈ ಊರಿನ ಎಷ್ಟೋ ಮಕ್ಕಳಿಗೆ ಅದೇ ಅಮ್ಮನ ಕೈರುಚಿ. ಅದನ್ನು ಹೀಯಾಳಿಸುವುದು ನನಗೆ ಒಗ್ಗುವುದಿಲ್ಲ.

ಇಂಥ ಅಡುಗೆಗಳ ಬಗ್ಗೆ ಇಲ್ಲಿ ಹಳೆಯ ಜಗಳವೊಂದಿದೆ. ಇಂಗ್ಲೆಂಡಿನಲ್ಲಿ ಹುಟ್ಟಿ ಮೆಕ್ಸಿಕೋದಲ್ಲಿ ನೆಲೆಸಿದ ಡಯಾನಾ ಕೆನೆಡಿ ಹಳ್ಳಿ ಹಳ್ಳಿ ಸುತ್ತಿ, ಅಡುಗೆ ಮಾಡುವ ಹೆಂಗಸರ ಪಕ್ಕದಲ್ಲಿ ನಿಂತು ಕಲಿತು, 1972ರಲ್ಲಿ ‘ದಿ ಕ್ವಿಸೀನ್ಸ್ ಆಫ್ ಮೆಕ್ಸಿಕೋ’ ಬರೆದರು. ಟೆಕ್ಸಾಸಿನ ಚೀಸು ಮುಳುಗಿಸಿದ ಅಡುಗೆಯನ್ನು ಮೆಕ್ಸಿಕೋದ್ದೆಂದು ಕರೆಯಲು ಅವರು ಒಪ್ಪಲಿಲ್ಲ. ಆ ನಿಷ್ಠುರಕ್ಕೆ ಅವರು ಹೆಸರಾದರು. ಇತ್ತ ಕ್ಯಾಲಿಫೋರ್ನಿಯಾದ ಪತ್ರಕರ್ತ ಗುಸ್ತಾವೊ ಅರೆಯಾನೊ, ಮೆಕ್ಸಿಕೋದಿಂದ ವಲಸೆ ಬಂದವರ ಮಗ, 2012ರ ‘ಟ್ಯಾಕೋ ಯುಎಸ್‌ಎ’ ಪುಸ್ತಕದಲ್ಲಿ ಇದಕ್ಕೆ ಎದುರಾಗಿ ವಾದಿಸಿದರು: ಗಡಿ ದಾಟಿ ಬದಲಾದದ್ದೂ ಮೆಕ್ಸಿಕೋದ ಅಡುಗೆಯೇ, ಅದನ್ನು ಬದಲಾಯಿಸಿದವರಲ್ಲಿ ಮೆಕ್ಸಿಕನ್ನರೂ ಇದ್ದಾರೆ. ಅಪ್ಪಟತನದ ಕಾವಲಿಗೆ ಹೊರಗಿನಿಂದ ಬಂದವರು ನಿಂತಿದ್ದಾರೆ, ಸಡಿಲಿಕೆ ಕೇಳುತ್ತಿರುವವರು ಒಳಗಿನವರು. ನಮ್ಮಲ್ಲೂ ಇದು ಹೊಸದಲ್ಲ. ಊರು ಬಿಟ್ಟು ಬಂದ ನಾನು ದೋಸೆಯ ಗರಿಗಾಗಿ ಗುದ್ದಾಡುತ್ತೇನೆ. ಊರಲ್ಲೇ ಇರುವ ನನ್ನ ತಂಗಿ ಪ್ಯಾಕೆಟ್ ಹಿಟ್ಟು ತಂದು, ಹುಯ್ದು, ಬಡಿಸಿ ಕೆಲಸಕ್ಕೆ ಹೋಗುತ್ತಾಳೆ.

ಹಾಗಾದರೆ ಏನು ಬೇಕಾದರೂ ಬಿಡಬಹುದೇ? ಹೌದು ಅನ್ನಬೇಕೆಂದು ಬಾಯಿ ತೆರೆದಾಗಲೆಲ್ಲ ನನಗೆ ಸುಣ್ಣ ನೆನಪಾಗುತ್ತದೆ.

ಮೆಕ್ಕೆಜೋಳ ಹುಟ್ಟಿದ್ದು ಮೆಕ್ಸಿಕೋದಲ್ಲಿ. ಅಲ್ಲಿಯ ಹೆಂಗಸರು ಸಾವಿರಾರು ವರ್ಷಗಳಿಂದ ಅದನ್ನು ಹಾಗೇ ಬೀಸುವುದಿಲ್ಲ. ಸುಣ್ಣದ ನೀರಿನಲ್ಲೋ ಬೂದಿಯ ನೀರಿನಲ್ಲೋ ಕುದಿಸಿ, ರಾತ್ರಿಯಿಡೀ ನೆನೆಸಿ, ತೊಳೆದು, ಸಿಪ್ಪೆ ಉಜ್ಜಿ ತೆಗೆದು, ಆಮೇಲೆ ಕಲ್ಲಿನ ಮೇಲೆ ಅರೆಯುತ್ತಾರೆ. ನಾವು ಎಲೆ ಅಡಿಕೆಗೆ ಸವರುವ ಅದೇ ಸುಣ್ಣ. ಹೀಗೆ ಬೆಂದ ಜೋಳಕ್ಕೆ ನಿಶ್ತಮಾಲ್ ಎಂದು ಹೆಸರು. ನಾವಾಟಲ್‌ನಲ್ಲಿ ಅದರ ಮೊದಲ ಅರ್ಧಕ್ಕೆ ಬೂದಿ ಎಂದೇ ಅರ್ಥ. ಸ್ಪೇನಿನವರು ಜೋಳದ ಬೀಜವನ್ನು ಹಡಗಿಗೆ ಹಾಕಿಕೊಂಡು ಯುರೋಪಿಗೆ ಹೋದರು. ಸುಣ್ಣದ ಕೆಲಸವನ್ನು ಅಲ್ಲೇ ಬಿಟ್ಟರು. ಯಾಕೆ ಹೊತ್ತುಕೊಂಡು ಹೋಗಬೇಕು? ಸುಣ್ಣ ಇರುವುದು ಸಿಪ್ಪೆ ಬಿಡಿಸಲು, ಕಾಳು ಮೆತ್ತಗಾಗಲು. ಯುರೋಪಿನಲ್ಲಿ ಗಿರಣಿಗಳಿದ್ದವು, ಗಟ್ಟಿ ಕಾಳನ್ನೂ ಬೀಸುತ್ತಿದ್ದವು. ಹೆಂಗಸರ ಹಳೆಯ ಗೊಡ್ಡು ಪದ್ಧತಿಯಂತೆ ಕಂಡಿರಬೇಕು.

1735ರಲ್ಲಿ ಸ್ಪೇನಿನ ವೈದ್ಯ ಗಾಸ್ಪಾರ್ ಕಾಸಾಲ್ ತನ್ನ ಸೀಮೆಯ ಬಡವರಲ್ಲಿ ಕಂಡ ಹೊಸ ಕಾಯಿಲೆಯೊಂದನ್ನು ವಿವರಿಸಿದ. ಕೈ, ಕತ್ತು ಕೆಂಪಾಗಿ ಸುಟ್ಟಂತಾಗುವುದು, ಚರ್ಮ ಒರಟಾಗುವುದು, ಭೇದಿ, ಆಮೇಲೆ ಬುದ್ಧಿಭ್ರಮಣೆ, ಕೊನೆಗೆ ಸಾವು. ಮುಂದೆ ಇಟಲಿಯಲ್ಲಿ ಅದಕ್ಕೆ ಪೆಲಾಗ್ರ ಎಂಬ ಹೆಸರು ಬಂತು. ಜೋಳವನ್ನೇ ನೆಚ್ಚಿದ ಬಡವರ ಬೆನ್ನು ಹತ್ತಿ ಅದು ಹೋಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಹತ್ತಿ ಗಿರಣಿಯ ಕೂಲಿಗಳು, ಗೇಣಿದಾರರು, ಅನಾಥಾಲಯದ ಮಕ್ಕಳು ಇದರಿಂದ ನರಳಿದರು, ಸತ್ತರು. ಅವರ ತಟ್ಟೆಯಲ್ಲಿ ಇದ್ದದ್ದು ಜೋಳದ ಹಿಟ್ಟು, ಕಾಕಂಬಿ, ಕೊಬ್ಬಿನ ಹಂದಿಮಾಂಸ. ಇದು ಅಂಟುರೋಗವೆಂದು ವೈದ್ಯರು ನಂಬಿದ್ದರು. 1914ರಿಂದ ಇದರ ಬೆನ್ನು ಬಿದ್ದ ಸರ್ಕಾರಿ ವೈದ್ಯ ಜೋಸೆಫ್ ಗೋಲ್ಡ್‌ಬರ್ಗರ್, ಕಾರಣ ಸೋಂಕಲ್ಲ, ಊಟ ಎಂದು ತೋರಿಸಲು ರೋಗಿಗಳ ರಕ್ತವನ್ನು ತನ್ನ ಮೈಗೇ ಚುಚ್ಚಿಸಿಕೊಂಡ. ಆದರೂ ಒಪ್ಪದವರು ಒಪ್ಪಲಿಲ್ಲ. ನಮ್ಮ ಜನ ಹಸಿದಿದ್ದಾರೆ ಎಂದು ಕೇಳಿಸಿಕೊಳ್ಳುವುದಕ್ಕಿಂತ ಒಂದು ಕ್ರಿಮಿಯನ್ನು ದೂರುವುದು ಸುಲಭ. ಕೊರತೆ ಇದ್ದದ್ದು ನಿಯಾಸಿನ್ ಎಂಬ ಜೀವಸತ್ವದ್ದು ಎಂದು 1937ರ ಹೊತ್ತಿಗೆ ಗೊತ್ತಾಯಿತು. ಜೋಳದಲ್ಲಿ ಆ ಜೀವಸತ್ವ ಇರುತ್ತದೆ, ಆದರೆ ಕಟ್ಟಿಹಾಕಿಕೊಂಡಿರುತ್ತದೆ. ಆ ಗಂಟನ್ನು ಬಿಚ್ಚುವುದು ಸುಣ್ಣ.

ನಾವೇನೂ ಬೀಗಬೇಕಾಗಿಲ್ಲ. ಹೈದರಾಬಾದಿನಲ್ಲಿ ಸಿ. ಗೋಪಾಲನ್ ಮತ್ತು ಸಂಗಡಿಗರು ದಖ್ಖನಿನ ಬಡವರಲ್ಲೂ, ನಮ್ಮ ಬಿಳಿಜೋಳವೊಂದನ್ನೇ ತಿಂದು ಬದುಕುವವರಲ್ಲಿ, ಇದೇ ಕಾಯಿಲೆ ಕಂಡರು.

ಈ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ವಿಜ್ಞಾನವಲ್ಲ. ಸುಣ್ಣ ಹಾಕುತ್ತಿದ್ದ ಹೆಂಗಸರಿಗೂ ನಿಯಾಸಿನ್ ಗೊತ್ತಿರಲಿಲ್ಲ. ಯಾಕೆ ಹಾಕುತ್ತೀರಿ ಎಂದು ಕೇಳಿದ್ದರೆ ರೊಟ್ಟಿ ಬಡಿಯಲು ಬರುತ್ತದೆ, ಇಲ್ಲವಾದರೆ ಹಿಟ್ಟು ಒಡೆಯುತ್ತದೆ ಎಂದಿರುತ್ತಿದ್ದರು. ಅದೂ ನಿಜವೇ. ಅವರ ಕೈಗೆ ಗೊತ್ತಿದ್ದದ್ದು ಬಾಯಿಗೆ ಗೊತ್ತಿರಲಿಲ್ಲ. ಅಂಥ ಒಂದು ಹೆಜ್ಜೆಯನ್ನು ಬಿಟ್ಟವನಿಗೆ ತಾನು ಏನು ಬಿಟ್ಟೆ ಎಂದು ಗೊತ್ತಾಗುವುದೇ ಇಲ್ಲ. ಇನ್ನೂ ಕೆಟ್ಟದ್ದೆಂದರೆ, ಬಿಟ್ಟವನು ಒಬ್ಬ, ಮೈಯಿಂದ ತೆತ್ತವನು ಇನ್ನೊಬ್ಬ. ಬೀಜ ತಂದ ನಾವಿಕನಿಗೆ ಪೆಲಾಗ್ರ ಬರಲಿಲ್ಲ. ಎರಡು ಶತಮಾನಗಳ ಆಚೆಗಿನ ಕೂಲಿಯ ಮಗುವಿಗೆ ಬಂತು.

ನನ್ನ ಅಡುಗೆಮನೆಯ ಪ್ರಶ್ನೆ ಇಷ್ಟು ದೊಡ್ಡದಲ್ಲ, ನಿಜ. ಸುರುಳಿ ಸುತ್ತದಿದ್ದರೆ ಯಾರೂ ಸಾಯುವುದಿಲ್ಲ. ಆದರೂ ಮೊದಲ ಸಲ ಕ್ಯಾಸರೋಲ್ ಮಾಡಿದಾಗ ನಾನೂ ಒಂದು ಹೆಜ್ಜೆ ಬಿಟ್ಟಿದ್ದೆ. ಟೋರ್ಟಿಯಾವನ್ನು ರಸಕ್ಕೆ ಹಾಕುವ ಮೊದಲು ಬಿಸಿ ಎಣ್ಣೆಯಲ್ಲಿ ಕ್ಷಣ ಹೊತ್ತು ಅದ್ದಿ ತೆಗೆಯಬೇಕು. ಜಿಡ್ಡು ಯಾಕೆಂದು, ಆರೋಗ್ಯದ ಹೆಸರಿನಲ್ಲಿ, ಬಿಟ್ಟೆ. ಓವನ್ನಿನಿಂದ ಹೊರಬಂದದ್ದು ಪದರವಿಲ್ಲದ ಕೆಂಪು ಮುದ್ದೆ. ಎಣ್ಣೆ ಅಲ್ಲಿ ರುಚಿಗೆ ಮಾತ್ರ ಇರಲಿಲ್ಲ, ರಸ ಒಳಗಿಳಿದು ರೊಟ್ಟಿ ಕರಗದಂತೆ ಕಾಯಲೂ ಇತ್ತು. ಅಂದಿನಿಂದ ಹನ್ನೆರಡು ಟೋರ್ಟಿಯಾಗಳನ್ನೂ ಒಂದೊಂದಾಗಿ ಎಣ್ಣೆಗಿಳಿಸುತ್ತೇನೆ. ಮೆಣಸಿನಕಾಯಿಯ ಬೀಜ ತೆಗೆದು, ತವೆಯ ಮೇಲೆ ಕಪ್ಪಾಗದಂತೆ ಬಾಡಿಸಿ, ಬಿಸಿನೀರಲ್ಲಿ ನೆನೆಸಿ, ಬೆಳ್ಳುಳ್ಳಿ ಜೀರಿಗೆಯೊಂದಿಗೆ ರುಬ್ಬಿ, ಆ ರಸವನ್ನು ಮತ್ತೆ ಎಣ್ಣೆಯಲ್ಲಿ ಹಸಿವಾಸನೆ ಹೋಗುವ ತನಕ ಬಾಡಿಸುತ್ತೇನೆ. ಕಪ್ಪು ಬೀನ್ಸು, ಪಾಲಕ್, ಈರುಳ್ಳಿ, ಚೀಸ್. ಮಾಂಸ ಇಲ್ಲ, ನಾವು ತಿನ್ನುವುದಿಲ್ಲ. 350 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಅರ್ಧ ಗಂಟೆ. ಸುರುಳಿ ಮಾತ್ರ ಸುತ್ತುವುದಿಲ್ಲ.

ಸುತ್ತದಿರಲು ಕಾರಣ ಹೇಳುತ್ತೇನೆ. ಒಂದೊಂದನ್ನೇ ಅದ್ದಿ, ತುಂಬಿ, ಸುತ್ತಿ, ಬಿಚ್ಚಿಕೊಳ್ಳದಂತೆ ಮಡಿಕೆ ಕೆಳಗೆ ಮಾಡಿ ಜೋಡಿಸಲು ಒಂದು ಗಂಟೆ ಬೇಕು. ಪದರ ಹಾಕಲು ಹತ್ತು ನಿಮಿಷ. ನಾನು ಮನೆ ಸೇರುವುದು ಸಂಜೆ ಆರೂವರೆಗೆ. ಈ ಐವತ್ತು ನಿಮಿಷದ ಲೆಕ್ಕವನ್ನು ಅಪ್ಪಟತನದ ಬಗ್ಗೆ ಬರೆಯುವವರು ಅಪರೂಪಕ್ಕೂ ಎತ್ತುವುದಿಲ್ಲ. ಸಂಪ್ರದಾಯ ಉಳಿಯಲಿ ಎನ್ನುವವರ ಕೈ ಸಾಮಾನ್ಯವಾಗಿ ಹಿಟ್ಟಿನಲ್ಲಿರುವುದಿಲ್ಲ. ನಮ್ಮ ಅಪ್ಪನಿಗೆ ಒರಳಲ್ಲಿ ರುಬ್ಬಿದ ಚಟ್ನಿಯೇ ಆಗಬೇಕಿತ್ತು. ಮಿಕ್ಸಿಯ ಚಟ್ನಿಯಲ್ಲಿ ಕಬ್ಬಿಣದ ವಾಸನೆ ಎನ್ನುತ್ತಿದ್ದರು. ಅವ್ವ ಎಷ್ಟೋ ವರ್ಷ ಮಿಕ್ಸಿಯಲ್ಲಿ ತಿರುವಿ, ಒರಳಿಗೆ ಹಾಕಿ, ಎರಡು ಸಲ ಗುಂಡು ಆಡಿಸಿ ಬಡಿಸಿದಳು. ಅಪ್ಪ ಬೆರಳು ನೆಕ್ಕಿ ಉಂಡರು. ಅವ್ವನದು ಮೋಸವೇ? ಆಗ ನನಗೆ ಅದು ಮೋಸವೆನಿಸಿತ್ತು. ಈಗ ಎನಿಸುವುದಿಲ್ಲ. ಆದರೆ ಅವಳು ಹೇಳಿಬಿಡಬಹುದಾಗಿದ್ದರೆ, ಹೇಳಿದರೂ ಏನೂ ಆಗದಂಥ ಮನೆಯಾಗಿದ್ದರೆ, ಎಷ್ಟು ಚೆನ್ನಾಗಿತ್ತು.

ಹೀಗೆ ಎರಡು ಮಾತುಗಳು ನನ್ನನ್ನು ಎರಡು ಕಡೆಗೆ ಎಳೆಯುತ್ತವೆ. ಸುಣ್ಣದ ಕಥೆ, ಗೊತ್ತಿಲ್ಲದ್ದನ್ನು ಬಿಡಬೇಡ ಎನ್ನುತ್ತದೆ. ಒರಳಿನ ಕಥೆ, ಇನ್ನೊಬ್ಬರ ಬೆನ್ನು ಮುರಿಯುವ ಹೆಜ್ಜೆಯನ್ನು ಪವಿತ್ರ ಮಾಡಬೇಡ ಎನ್ನುತ್ತದೆ. ಇವೆರಡರ ನಡುವೆ ಎಲ್ಲ ಹೆಜ್ಜೆಗೂ ಒಪ್ಪುವ ಸೂತ್ರವೊಂದು ಇದೆಯೆಂದು ನಾನು ನಂಬುವುದಿಲ್ಲ. ಹೆಜ್ಜೆ ಹೆಜ್ಜೆಗೂ ಕೇಳಬೇಕಾಗುತ್ತದೆ: ಇದು ಇಲ್ಲಿ ಯಾಕಿತ್ತು, ಇದನ್ನು ಬಿಟ್ಟರೆ ಯಾರಿಗೆ ನಷ್ಟ, ಉಳಿಸಿಕೊಂಡರೆ ಯಾರ ರಟ್ಟೆ ನೋಯುತ್ತದೆ. ಕೇಳಲು ಅಡುಗೆ ಬಲ್ಲವರ ಹತ್ತಿರ ಹೋಗಬೇಕು. ಸ್ಪೇನಿನವರು ಮಾಡದೆ ಬಿಟ್ಟದ್ದು ಇದನ್ನೇ. ಕೇಳಬೇಕಾದವರು ತಾವು ಸೋಲಿಸಿದವರಾಗಿದ್ದರು.

ನಷ್ಟ ಯಾರಿಗೆ ಎನ್ನುವುದಕ್ಕೆ ಈ ಊರಿನದೇ ಒಂದು ನಿದರ್ಶನವಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸ್ಯಾನ್ ಆಂಟೋನಿಯೊದ ಚೌಕಗಳಲ್ಲಿ ಸಂಜೆಯಾದರೆ ಮೆಕ್ಸಿಕನ್ ಹೆಂಗಸರು ದೀಪ ಹಚ್ಚಿಟ್ಟು, ಬೆಂಚು ಹಾಕಿ, ಖಾರದ ಅಡುಗೆ ಮಾರುತ್ತಿದ್ದರು. ಚಿಲ್ಲಿ ಕ್ವೀನ್ಸ್ ಎಂದು ಅವರ ಹೆಸರು ದೂರದೂರಕ್ಕೆ ಹಬ್ಬಿತ್ತು. ಅದೇ ಕಾಲಕ್ಕೆ ವಿಲಿಯಂ ಗೆಬ್‌ಹಾರ್ಟ್ ಎಂಬ ಜರ್ಮನ್ ವಲಸಿಗ ಮೆಣಸಿನ ಪುಡಿಯನ್ನು ಬಾಟಲಿಗೆ ತುಂಬಿ ಮಾರಲು ಹೊರಟ. ಬಾಟಲಿ ದೇಶವೆಲ್ಲ ತಿರುಗಿತು. ಹೆಂಗಸರನ್ನು 1930, 40ರ ದಶಕಗಳಲ್ಲಿ ನಗರದ ಆರೋಗ್ಯ ನಿಯಮಗಳು ಚೌಕದಿಂದ ಎಬ್ಬಿಸಿದವು. ಪುಡಿ ಮಾಡಿದ್ದು ತಪ್ಪೆಂದು ನನಗನಿಸುವುದಿಲ್ಲ. ನಾನೂ ಆತುರಕ್ಕೆ ಪುಡಿ ಬಳಸಿದ್ದೇನೆ. ರುಚಿ ಉಳಿಯಿತು, ಅದನ್ನು ಕಲಿಸಿದವರಿಗೆ ಕೂರಲು ಜಾಗ ಉಳಿಯಲಿಲ್ಲ. ನನ್ನ ಟ್ರೇಯಿಂದ ಹಾಗೆ ಯಾರ ಜಾಗವೂ ಹೋಗುವುದಿಲ್ಲ ಎಂದು ಧೈರ್ಯ ತಂದುಕೊಂಡು ಕೆಲಸ ಮುಂದುವರಿಸಿದೆ.

ನೆನೆಹಾಕಿದ್ದ ಮೆಣಸಿನಕಾಯಿ ಬ್ಯಾಡಗಿಯದು. ಇಲ್ಲಿಯವರು ಬಳಸುವ ಗ್ವಾಹಿಯೊ ಮೆಣಸಿನಕಾಯಿಯ ಬದಲಿಗೆ ನಾನು ಊರಿಂದ ತಂದದ್ದನ್ನೇ ಹಾಕುತ್ತೇನೆ. ಎರಡೂ ಬಣ್ಣ ಜಾಸ್ತಿ, ಖಾರ ಹದ. ಬ್ಯಾಡಗಿಯ ಮಾರ್ಕೆಟ್ಟಿನಲ್ಲಿ ಗುಡ್ಡದಂತೆ ಬಿದ್ದಿರುವ ಕೆಂಪನ್ನು ನೋಡಿದವರಿಗೆ ಅದು ಬೇರೆಲ್ಲಿಂದಲೋ ಬಂದದ್ದು ಎನ್ನಿಸುವುದೇ ಇಲ್ಲ. ಪೋರ್ಚುಗೀಸರ ಹಡಗಿಗಿಂತ ಮೊದಲು ನಮ್ಮಲ್ಲಿ ಇದ್ದದ್ದು ಕರಿಮೆಣಸು. ಹೊಸತು ಬಂದಾಗ ಹಳೆಯದರ ಹೆಸರನ್ನೇ ಎಳೆದು ಮೆಣಸಿನಕಾಯಿ ಎಂದೆವು. ಸ್ಪೇನಿನವರೂ ಹೀಗೇ ತಮ್ಮ ಕರಿಮೆಣಸಿನ ಹೆಸರನ್ನು ತಿದ್ದಿ ಇದಕ್ಕಿಟ್ಟರು. ಹಾವೇರಿ ಜಿಲ್ಲೆಯ ಹೊಲಗಳಲ್ಲಿ ಇವತ್ತು ಮೆಣಸಿನಕಾಯಿಯೂ ಇದೆ, ಗೋವಿನಜೋಳವೂ ಇದೆ. ಎಂಚಿಲಾಡಾಕ್ಕೆ ಬೇಕಾದ ಎರಡೂ ಮುಖ್ಯ ವಸ್ತುಗಳು ಒಂದೇ ಬದುವಿನ ಆಚೆ ಈಚೆ. ಜೋಳ ಬಹುಪಾಲು ಕೋಳಿ ಆಹಾರಕ್ಕೆ ಹೋಗುತ್ತದೆ. ಅಲ್ಲೇ ಮನೆಯಲ್ಲಿ ಅಜ್ಜಿಯ ಎಲೆ ಅಡಿಕೆ ಚೀಲದಲ್ಲಿ ಸುಣ್ಣದ ಡಬ್ಬಿಯೂ ಇದೆ. ಮೂರೂ ಒಂದೆಡೆ ಇದ್ದೂ ನಮ್ಮಲ್ಲಿ ಒಂದಕ್ಕೊಂದು ಸೇರಲಿಲ್ಲ. ಅವ್ವನಿಗೆ ಫೋನಿನಲ್ಲಿ ಇದನ್ನೆಲ್ಲ ವಿವರಿಸಿದೆ. ‘ಅಲ್ಲವಾ, ರೊಟ್ಟಿಗೆ ಖಾರ ಹಚ್ಕೊಂಡು ತಿನ್ನಾಕ ಅಷ್ಟ ದೂರ ಹೋಗಬೇಕಾತೇನ?’ ಅಂದಳು.

ಸಂಜೆ ಟ್ರೇ ಹಿಡಿದು ಎದುರು ಮನೆಗೆ ಹೋದೆ. ಬಾಗಿಲು ಅವರೇ ತೆರೆದರು. ಮೇಜಿನ ಮೇಲೆ ಬೇರೆಯವರ ನಾಲ್ಕೈದು ಟ್ರೇಗಳು ಮುಟ್ಟದೆ ಕೂತಿದ್ದವು. ಹಾಳೆ ಎತ್ತಿ, ಬದಿಯ ಗಾಜಿನಿಂದ ಪದರಗಳನ್ನು ನೋಡಿ, ‘ಮಗಳೇ, ಇದು ನಿನಗೆ ಹೇಗೆ ಗೊತ್ತು?’ ಎಂದರು. ಅವರ ಕಡೆ ಎಂಚಿಲಾಡಾವನ್ನು ಸುತ್ತುವುದಿಲ್ಲವಂತೆ. ಒಂದರ ಮೇಲೊಂದು ಅಡ್ಡಲಾಗಿ ಪೇರಿಸುತ್ತಾರೆ, ‘ಮೊಂತಾದಾಸ್’ ಎನ್ನುತ್ತಾರೆ. ಈ ಪದ್ಧತಿ ಗಡಿಯಾಚೆಗೆ ನ್ಯೂ ಮೆಕ್ಸಿಕೋದಲ್ಲೂ ಇದೆ. ನಾನು ವಿಚಾರಿಸಿಕೊಂಡು, ಅವರ ಊರಿನ ರೀತಿಯಲ್ಲೇ ಮಾಡಿ ತಂದಿದ್ದೇನೆಂದು ಅವರು ತಿಳಿದರು. ಕಣ್ಣು ತುಂಬಿಕೊಂಡರು.

ಹೌದು ಎಂದುಬಿಡಬಹುದಿತ್ತು. ಗಂಡ ಸತ್ತ ಮನೆಯಲ್ಲಿ ಒಂದು ಸಣ್ಣ ಸುಳ್ಳಿನಿಂದ ಯಾರಿಗೇನು ನಷ್ಟ? ನನ್ನದೇ ಮೂರು ಪ್ರಶ್ನೆಗಳನ್ನು ಕೇಳಿಕೊಂಡರೂ ಯಾವ ತೊಂದರೆಯೂ ಕಾಣಲಿಲ್ಲ. ಆದರೆ ಬಾಯಿಂದ ಬಂದದ್ದು ನಿಜ. ‘ಇಲ್ಲ ಅಮ್ಮಾ, ಗೊತ್ತಿರಲಿಲ್ಲ. ಸುತ್ತಲು ಹೊತ್ತಿರಲಿಲ್ಲ, ಅದಕ್ಕೆ ಹೀಗೆ ಮಾಡಿದೆ.’

ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಆ ಮುಖದಿಂದ ಏನೋ ಒಂದನ್ನು ನಾನು ಕಿತ್ತುಕೊಂಡೆ ಎಂದು ಆಗ ಅನಿಸಿತು, ಈಗಲೂ ಅನಿಸುತ್ತದೆ. ಆಮೇಲೆ ಅವರು ಟ್ರೇಗೆ ಬಗ್ಗಿ ವಾಸನೆ ನೋಡಿ, ಯಾವ ಮೆಣಸಿನಕಾಯಿ ಇದು ಎಂದು ಕೇಳಿದರು. ನಮ್ಮೂರಿನದು ಎಂದೆ. ಒಣಗಿದ್ದು ಒಂದು ತಂದು ತೋರಿಸು ಎಂದರು. ರಸ್ತೆ ದಾಟಿ ಮನೆಗೆ ಹೋಗಿ ಒಂದು ಹಿಡಿ ತಂದೆ. ಒಂದನ್ನು ಮುರಿದು ಮೂಗಿಗೆ ಹಿಡಿದರು, ಬೀಜ ಅಲ್ಲಾಡಿಸಿ ಕಿವಿಗೆ ಹಿಡಿದರು, ಸಣ್ಣ ಚೂರನ್ನು ನಾಲಿಗೆಯ ಮೇಲಿಟ್ಟುಕೊಂಡರು. ಇದಕ್ಕೆ ಸುಕ್ಕು ಜಾಸ್ತಿ, ನೆನೆಸುವ ಮೊದಲು ಇನ್ನೂ ಚೆನ್ನಾಗಿ ಒರೆಸಬೇಕು ಎಂದರು. ಆಮೇಲೆ, ಪೇರಿಸಿದ ಎಂಚಿಲಾಡಾದ ಮೇಲೆ ಕರಿದ ಮೊಟ್ಟೆ ಇರಬೇಕು, ಅದೆಲ್ಲಿ ಎಂದರು. ನಮ್ಮ ಮನೆಯಲ್ಲಿ ಮೊಟ್ಟೆ ತರುವುದಿಲ್ಲ ಎಂದೆ. ಅವರು ಎದ್ದು ಫ್ರಿಜ್ ತೆರೆದು ಒಂದು ಮೊಟ್ಟೆ ತೆಗೆದುಕೊಂಡು, ಒಲೆ ಹಚ್ಚಿ, ಬಾಣಲೆ ಇಟ್ಟರು.